ಬೀಸುಕಲ್ಲಿಗೆ ಸಿಕ್ಕ ಬಾಲಚುಕ್ಕಿ

ಯಲಬುರ್ಗಾದ ಬಜಾರದಲ್ಲಿ ಗೋಣೆಪ್ಪನ ತಗಡಿನ ಡಬ್ಬಿ ಅಂಗಡಿಗೆ ಬೋರ್ಡು ಬರೆದ ಪೇಂಟರು 'ಗೋ'ದ ದೀರ್ಘ ನುಂಗಿದ. ನುಂಗಿದ್ದಕ್ಕೆ ಬದಲಾಗಿ 'ಣೆ'ಗೊಂದು ಒತ್ತು ಪುಕ್ಕಟೆ ಕೊಟ್ಟ. ಆಗಿದ್ದು 'ಗೊಣ್ಣೆಪ್ಪ ಡಬ್ಬಿ ಅಂಗಡಿ'. (ಗೋಣೆಪ್ಪ ಓದಿದ್ದು ನಾಲ್ಕನೇ ಇಯತ್ತೆ. ಬೋರ್ಡಿಗೆ ಕಾಯಿ ಒಡೆದ ಮೂರನೇ ದಿನ, ಗಿರಾಕಿಗಳು ಮೂಗು ಒರೆಸಿಕೊಂಡು ಯಾಕೆ ನಗುತ್ತಾರೆಂದು ತಿಳಿಯಿತು.) ಸುತ್ತಿಗೆ ಹಿಡಿದು ಬೆನ್ನು ಹತ್ತಿದರೆ, ಪೇಂಟರು ಕುಷ್ಟಗಿ ಬಸ್ಸು ಹತ್ತಿ ಪರಾರಿ.

ಅಂಥ ನೊಂದ ಜೀವಕ್ಕೆ ೧೯೮೬ರ ಜನವರಿಯಲ್ಲಿ ಸಾಲಿಯ ಕನಕಪ್ಪ ಮಾಸ್ತರು ಅಮೃತದಂಥ ಮಾತೊಂದನ್ನು ಹೇಳಿದರು. ಆಗ ಊರ ತುಂಬ ಹ್ಯಾಲಿಯ ಬಾಲಚುಕ್ಕಿಯದೇ ಸುದ್ದಿ.

"ಹ್ಯಾಲಿ ಅನ್ನೂದು ಮನಷ್ಯಾನ ಹೆಸರಪ್ಪ ಗೋಣೆಪ್ಪ. ಯಾರೂ ನೋಡದ ಬಾಲಚುಕ್ಕಿ ನೀ ಮೊದಲ ಹುಡುಕಿದಿ ಅಂದ್ರ ಅದಕ್ಕ ನಿನ್ನ ಹೆಸರ ಇಡ್ತಾರ."

"ಕಾಗುಣಿತ ತಪ್ಪದಂಗ ಇಡ್ತಾರೇನ್ರಿ?"

"ಫೋಟೋ ತಗದು ಸಾಬೀತು ಮಾಡಬೇಕಷ್ಟ."

ಅಷ್ಟೇ ಸಾಕಾಯಿತು. ಮುಂದಿನ ಹದಿನೈದು ದಿನ ಊರಿನ ಡಬ್ಬಿಗಳೆಲ್ಲ ಸೋರಿದವು, ಬೆಸುಗೆ ಹಾಕುವವನಿಗೆ ಪುರಸೊತ್ತಿಲ್ಲ. ಗೋಣೆಪ್ಪ ತಗಡು ಸುತ್ತಿ ಮಾರುದ್ದದ ನಳಿಗೆ ಮಾಡಿದ. ಒಳಗೆ ದೀಪದ ಮಸಿ ಬಳಿದ. ಒಂದು ಬಾಯಿಗೆ ಚಾಳೀಸಿನ ಗಾಜು, ಇನ್ನೊಂದಕ್ಕೆ ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗಾಜು, ನಳಿಗೆಯ ಬೆನ್ನಿಗೆ ತಂತಿಯಿಂದ ಬಿಗಿದ ಮಾಸ್ತರ ಕ್ಯಾಮೆರಾ.

ತೊಂದರೆ ಒಂದೇ. ಚುಕ್ಕಿಗಳು ನಿಂತಲ್ಲಿ ನಿಲ್ಲುವುದಿಲ್ಲ, ಪಡುವಣಕ್ಕೆ ನಡೆಯುತ್ತಲೇ ಇರುತ್ತವೆ. ಕ್ಯಾಮೆರಾದ ಕಣ್ಣನ್ನು ಹತ್ತು ನಿಮಿಷ ತೆರೆದಿಡಬೇಕು. ಅಷ್ಟೂ ಹೊತ್ತು ನಳಿಗೆ ಅವುಗಳ ಜೋಡಿ ಮೆಲ್ಲಗೆ ತಿರುಗಬೇಕು. ಗೂಟದ ಸುತ್ತ ಮೆಲ್ಲಗೆ ತಿರುಗುವ ವಸ್ತು ಮನೆಯಲ್ಲಿ ಯಾವುದಿದೆ?

"ನನ್ನ ಬೀಸೂಕಲ್ಲು ಎಲ್ಲೈತ್ರಿ?" ಅಂದಳು ಹೆಂಡತಿ ಹುಲಗಮ್ಮ. ತವರೂರು ತಳಕಲ್ಲಿನಿಂದ ಬಂಡಿಯಲ್ಲಿ ಅವಳ ಜೋಡಿ ಬಂದ ಕಲ್ಲು ಅದು.

"ಮಾಳಿಗಿ ಮ್ಯಾಲ."

"ಮಾಳಿಗಿ ಮ್ಯಾಲ ಏನ ಬೀಸ್ತೀರಿ? ಗಾಳಿ ಬೀಸ್ತೀರೇನು?"

"ಇದು ವಿಜ್ಞಾನ! ನಿನಗ ತಿಳಿಯಾಂಗಿಲ್ಲ."

"ಬ್ಯಾಳಿ ಒಡಿಯೂದು ತಿಳಿತೈತ್ರಿ. ಅದಕ್ಕ ಇವತ್ತು ಸಾರಿಲ್ಲ."

ಮಾಸ್ತರು ಹೇಳಿಕೊಟ್ಟಂತೆ ಗೋಣೆಪ್ಪ ಕಲ್ಲನ್ನು ಗಾಲಿಯಂತೆ ನಿಲ್ಲಿಸಿ, ನಡುಗೂಟವನ್ನು ಚುಕ್ಕಿಗಳೆಲ್ಲ ಸುತ್ತು ಹಾಕುವ ಧ್ರುವ ನಕ್ಷತ್ರಕ್ಕೆ ಗುರಿ ಹಿಡಿದು, ಮೇಲಿನ ಕಲ್ಲು ಜಾರದಂತೆ ನಟ್ಟು ಬಿಗಿದು, ಅದಕ್ಕೆ ನಳಿಗೆ ಕಟ್ಟಿದ. ಸಂಜೆ ಏಳಕ್ಕೆ ತಾನೇ ಹಿಡಿಗೂಟ ಹಿಡಿದು ಕೂತ. ಆದರೆ ಸಿಟ್ಟಿನ ಮನುಷ್ಯನ ಕೈ! ಸೊಳ್ಳೆ ಕಚ್ಚಿದರೆ ಕಲ್ಲು ಕಾಲು ಸುತ್ತು ಹಾರುತ್ತಿತ್ತು. ಓಣಿಯ ನಾಯಿಗೆ ಬೈದರೆ ಅರ್ಧ ಸುತ್ತು. ಫೋಟೋ ತೊಳೆಸಿ ನೋಡಿದರೆ ಚುಕ್ಕಿಗಳೆಲ್ಲ ಶ್ಯಾವಿಗೆ ಆಗಿದ್ದವು.

ಮೂರು ಸಂಜೆ ಶ್ಯಾವಿಗೆಯೇ ಬಂತು. ನಾಲ್ಕನೆಯ ಸಂಜೆ ಗೋಣೆಪ್ಪ ಕಲ್ಲಿನ ಮೇಲೆ ಸುತ್ತಿಗೆ ಎತ್ತಿದಾಗ ಹುಲಗಮ್ಮ ನಿಚ್ಚಣಿಕೆ ಏರಿ ಬಂದಳು.

"ಕಲ್ಲು ನಂದು! ಸರೀರಿ ಅತ್ಲಾಗ. ಎಷ್ಟು ಸಾವಕಾಶ ತಿರುವಬೇಕು?"

"ಒಂದು ಸುತ್ತಿಗೆ ಇಪ್ಪತ್ನಾಕು ತಾಸು."

"ಹಂಗನ್ರಲ್ಲ. ಮಗ್ಗಲದಾಗ ಎಳೀ ಕೂಸು ಮಲಗಿದಾಗ ಬೀಸಿದಂಗ."

ಅವಳು ಒಂದು ಕಾಲು ಚಾಚಿ ಕೂತು ಬೀಸುವ ಪದವನ್ನು ಗಂಟಲಲ್ಲೇ ಗುನುಗಿದಳು. ಗೋಣೆಪ್ಪ ನಳಿಗೆಗೆ ಕಣ್ಣಿಟ್ಟು ನೋಡುತ್ತಾನೆ, ಚುಕ್ಕಿಗೆ ಯಾರೋ ಮೊಳೆ ಹೊಡೆದಂತಿದೆ! ಮಿಸುಕಲೊಲ್ಲದು!

"ಸ್ವಲ್ಪ... ಇನ್ನೊಂದೀಟು..."

"ಬಾಯಿ ಮುಚ್ಚರಿ. ಪದ ತಪ್ತೈತಿ."

(ಆ ಹತ್ತು ನಿಮಿಷ ಗೋಣೆಪ್ಪ ಬಾಯಿ ಮುಚ್ಚಿಕೊಂಡಿದ್ದ. ಅವನು ಊರಲ್ಲಿಲ್ಲವೇನೋ ಎಂದು ಓಣಿಯವರು ಅಂದುಕೊಂಡರು.)

ಮರುದಿನ ಸ್ಟುಡಿಯೋದಲ್ಲಿ ಫೋಟೋ ನೋಡಿದವನೇ ಚಿಟ್ಟನೆ ಚೀರಿದ. ಚುಕ್ಕಿಗಳು ಸಾಸಿವೆ ಚೆಲ್ಲಿದಂತೆ ಸ್ವಚ್ಛ! ಮೂಲೆಯಲ್ಲೊಂದು ಹತ್ತಿಯ ಅರಳೆಯಂಥದ್ದು, ಅದಕ್ಕೆ ಇಲಿಮರಿಯಷ್ಟೇ ಬಾಲ! ಹ್ಯಾಲಿಯ ಬಾಲ ಕಸಬರಿಗೆಯಷ್ಟು ಅಂತ ಬಜಾರವೆಲ್ಲ ಹೇಳುತ್ತದೆ. ಅಂದಮೇಲೆ ಇದು ಹ್ಯಾಲಿ ಅಲ್ಲ. ಇದು ಹೊಸದು. ಇದು ಸಾಕ್ಷಾತ್ ಗೋಣೆಪ್ಪ!

ಬಜಾರಕ್ಕೆಲ್ಲ ಪೇಢೆ ಹಂಚಿದ. ಹೊಸ ಧೋತರ ಉಟ್ಟ. "ಬಾ, ಗಂಡನ ಹೆಸರು ಮುಗಲಿಗೆ ಏರೂದು ಕಣ್ತುಂಬ ನೋಡು" ಎಂದು ಹುಲಗಮ್ಮನನ್ನೂ ಸಾಲಿಗೆ ಎಳೆದುಕೊಂಡು ಹೋದ.

ಮಾಸ್ತರು ಫೋಟೋ ನೋಡಿ ಕುರ್ಚಿಯಿಂದ ಎದ್ದೇ ನಿಂತರು. "ಗೋಣೆಪ್ಪ! ಹ್ಯಾಲಿ ಎಷ್ಟು ಛಂದ ಸಿಕ್ಕಾನೋ!"

"ಯಾ... ಯಾರು?"

"ಹ್ಯಾಲಿ! ಈಗ ಭಾಳ ದೂರ ಅದಾನ, ಅದಕ್ಕ ಹಿಂಗ ಸಣ್ಣಗ ಕಾಣ್ತಾನ."

"ನಾ ಮೊದಲ ನೋಡೀನ್ರಿ!"

"ಎರಡು ಸಾವಿರ ವರ್ಷದಿಂದ ಮಂದಿ ನೋಡಾಕತ್ಯಾರಪ್ಪ."

ಗೋಣೆಪ್ಪನ ಮುಖ ಕುಲುಮೆಯಾಯಿತು. "ಮಾಳಿಗಿ ನಂದು, ತಗಡು ನಂದು, ಥಂಡ್ಯಾಗ ಕುಂತಾಂವ ನಾನು! ಹೆಸರು ಮಾತ್ರ ಸತ್ತ ಹ್ಯಾಲಿಂದು! ನನಗ ಬ್ಯಾಡ್ರಿ ನಿಮ್ಮ ಮುಗಲು!" ಎಂದು ಒಂದೇ ಕಾಲಿನ ಚಪ್ಪಲಿಯಲ್ಲಿ ಹೊರಗೆ ನಡೆದ. ಮಾಸ್ತರು ಸಮಾಧಾನ ಮಾಡಲು ಹಿಂದೆ ಓಡಿದರು. ಹುಲಗಮ್ಮ ಇನ್ನೊಂದು ಚಪ್ಪಲಿ ಹುಡುಕುತ್ತ ಅಲ್ಲೇ ಉಳಿದಳು.

ಎಂಟು ದಿನಕ್ಕೆ ಸಿಟ್ಟು ಆರಿತು. ಸಾಲಿಯ ವಿಜ್ಞಾನ ಪ್ರದರ್ಶನದಲ್ಲಿ ಆ ಫೋಟೋ ದೊಡ್ಡದು ಮಾಡಿ ಹಾಕಿದ್ದಾರೆ, ಕೆಳಗೆ ಬಣ್ಣದಲ್ಲಿ ಹೆಸರೂ ಬರೆದಿದ್ದಾರೆ ಎಂಬ ಸುದ್ದಿ ಬಂತು. ಮುಗಿಲು ಹೋದರೇನು, ಗೋಡೆ ಇದೆಯಲ್ಲ! ಗೋಣೆಪ್ಪ ಹುಲಗಮ್ಮನ ಜೋಡಿ ಓಡಿ, ಮಂದಿಯನ್ನು ಮೊಣಕೈಯಿಂದ ಸರಿಸಿ, ಅಕ್ಷರ ಅಕ್ಷರ ಕೂಡಿಸಿ ಓದಿದ.

'ಹ್ಯಾಲಿ ಧೂಮಕೇತು. ಕಲ್ಲು ತಿರುಗಿಸಿ ಸೆರೆಹಿಡಿದವರು: ಶ್ರೀಮತಿ ಹುಲಗಮ್ಮ, ಯಲಬುರ್ಗಾ.' ಅದರ ಕೆಳಗೆ ಇರುವೆಯಂಥ ಅಕ್ಷರದಲ್ಲಿ: 'ನಳಿಗೆ: ಇವರ ಮನೆಯವರು.'

"ಏ! ಇದೇನ ಇದು?"

"ಆವತ್ತು ಸಾಲ್ಯಾಗ ಇದನ್ನ ಬರದ ಹೊಸಾ ಡ್ರಾಯಿಂಗ್ ಮಾಸ್ತರು ಇದ್ರು, ಕಲ್ಲು ಯಾರು ತಿರುವಿದ್ರು ಅಂತ ಕೇಳಿದ್ರು. ನಾ ಅಂದೆ. ನಳಿಗಿ ಯಾರು ಮಾಡಿದ್ರು ಅಂದ್ರು. ನಮ್ಮನಿಯವ್ರು ಅಂದೆ. ಹೆಸರೇನು ಅಂತ ಮೂರು ಸಲ ಕೇಳಿದ್ರು. ಗಂಡನ ಹೆಸರು ಬಾಯಿಲೆ ಹೆಂಗ ಹೇಳ್ಲಿ, ನೀವ ಹೇಳ್ರಿ? ನೀವು ನೋಡಿದ್ರ ಎದ್ದು ಹೋಗಿದ್ರಿ, ಕನಕಪ್ಪ ಮಾಸ್ತರೂ ನಿಮ್ಮ ಹಿಂದ ಓಡಿದ್ರು."

ಗೋಣೆಪ್ಪ ಬಾಯಿ ತೆರೆಯುವಷ್ಟರಲ್ಲಿ, ಕುಷ್ಟಗಿಯಿಂದ ಹೆಣ್ಣುಮಕ್ಕಳ ತಂಡ ಕರೆತಂದಿದ್ದ ಲಾಲಬೀ ಟೀಚರು ಹುಲಗಮ್ಮನ ಎರಡೂ ಕೈ ಹಿಡಿದುಕೊಂಡರು. "ಶಾಬಾಸ್ ಅಕ್ಕಾರ! ಮತ್ತ ನಿಮ್ಮ ಮನಿಯವ್ರು ಎಲ್ಲದಾರ?"

ಹುಲಗಮ್ಮ ಸೆರಗನ್ನು ಬಾಯಿಗೊತ್ತಿ, ಗದ್ದದಿಂದ ಪಕ್ಕಕ್ಕೆ ತೋರಿಸಿದಳು.

"ಓಹೋ, ನೀವೇನ್ರಿ ಹುಲಗಮ್ಮನ ಮನಿಯವ್ರು?"

ಸುತ್ತ ನಿಂತ ಮಂದಿಯೆಲ್ಲ ತಿರುಗಿ ನೋಡಿತು. ಗೋಣೆಪ್ಪ ಧೋತರದ ಚುಂಗು ಸರಿಮಾಡಿಕೊಂಡು, ಜನ್ಮದಲ್ಲೇ ಇಲ್ಲದ ಮೆತ್ತಗಿನ ದನಿಯಲ್ಲಿ ಅಂದ: "ಹೌದ್ರಿ. ನಾನ ರಿ."