ಕಡಲಿಗೆ ಹೊರಟ ಕೌದಿ

ಮಹೇಶ್ವರಪ್ಪನವರ ಆ ದಿನದ ಫಜೀತಿಗೆ ಮೂಲ ಒಂದು ತುಂಡು ಹೋಳಿಗೆ.

ಮಗಳು ರೂಪಶ್ರೀ ಹಾಯಿದೋಣಿ ನಡೆಸುವವಳು. ಮೂವರು ಗೆಳತಿಯರ ಜೊತೆ ಹಿಮದ ದೇಶದ ಬಂದರಿನಿಂದ ಹೊರಟಿದ್ದಳು. "ಚಳಿಗೆ ಬೆರಳು ಮಡಿಸಾಕೆ ಬರಲ್ಲಪ್ಪ" ಎಂದು ಅವಳು ತಿಂಗಳ ಹಿಂದೆ ಹೇಳಿದ್ದೇ ತಡ, ನ್ಯಾಮತಿಯಲ್ಲಿ ಇವರಿಗೆ ನಡುಕ ಹುಟ್ಟಿತು. ಹೆಂಡತಿ ಪ್ರೇಮಮ್ಮ ಶಿವನ ಪಾದ ಸೇರಿ ಎರಡು ವರ್ಷ. ಅವಳು ಬಿಟ್ಟುಹೋದದ್ದು ಟ್ರಂಕಿನಲ್ಲಿದ್ದ ಏಳು ನೂಲಿನ ಸೀರೆ ಅಷ್ಟೇ. ಮಹೇಶ್ವರಪ್ಪನವರು ಪೂಜೆ ಮುಗಿಸಿ ದಿನಾ ಮುಚ್ಚಳ ತೆಗೆದು ಒಮ್ಮೆ ಮೂಸಿ ಮುಚ್ಚುತ್ತಿದ್ದರು. ಕಡೆಗೆ ಎದೆ ಗಟ್ಟಿ ಮಾಡಿ ಏಳನ್ನೂ ಪಕ್ಕದ ಮನೆಯ ಗಿಡ್ಡಮ್ಮನಿಗೆ ಕೊಟ್ಟು ಕೌದಿ ಹೊಲಿಸಿದರು. ಸಮುದ್ರದ ಮೇಲೂ ತಾಯಿ ಮಗಳನ್ನು ತಬ್ಬಿಕೊಂಡಿರಲಿ ಎಂದು.

ಕೊನೆಯ ಮೂಲೆ ಹೊಲಿಯುವಾಗ ಗಿಡ್ಡಮ್ಮ ಒಂದು ತುಂಡು ಹೋಳಿಗೆ ಒಳಗೆ ತುರುಕಿದಳು. "ಹಸಿದ ಕೌದಿ ಕಳಿಸಬಾರದು ಯಜಮಾನ್ರೇ. ಹೊಟ್ಟೆ ತುಂಬಿದ್ರೇನೇ ಅದು ಬೆಚ್ಚಗಿಡಾದು."

ಎದುರಿನ ಮೊಬೈಲ್ ಅಂಗಡಿಯ ಕಲ್ಲೇಶ್ ಓಡಿಬಂದ. ಮಹೇಶ್ವರಪ್ಪನವರದು ಬಟನ್ ಫೋನು. ಮಗಳ ಮೆಸೇಜುಗಳು ಬರುತ್ತಿದ್ದದ್ದು ಇವನ ಫೋನಿಗೇ. "ನಗ್ರಿ ಸ್ವಲ್ಪ, ಆಧಾರ್ ಕಾರ್ಡಿನ ಫೋಟೋ ಅಲ್ಲ ಇದು" ಎಂದು ಕೌದಿ ಹೊದಿಸಿ ಫೋಟೋ ತೆಗೆದು ರೂಪಶ್ರೀಗೆ ಕಳಿಸಿಬಿಟ್ಟ.

ದೋಣಿ ನಿಲ್ಲುವ ಮುಂದಿನ ಬಂದರಿಗೆ ಕೌದಿ ಪಾರ್ಸೆಲ್ ಮಾಡಲು ಹೊನ್ನಾಳಿಗೆ ಹೊರಟರೆ, ಬಸ್ಸಿನಲ್ಲಿ ಪಕ್ಕದವನು ಚೇಳು ಕಚ್ಚಿದವನಂತೆ ಎದ್ದ. "ಯಜಮಾನ್ರೇ, ನಿಮ್ಮ ಕೌದಿ ಕಚ್ತೈತೆ!" ಹೋಳಿಗೆಯ ಊಟಕ್ಕೆ ಇರುವೆಗಳು ದಿಬ್ಬಣ ಹೊರಟಿದ್ದವು. ಉಳಿದ ದಾರಿಯೆಲ್ಲ ಅವರೂ ಕೌದಿಯೂ ಬಾಗಿಲ ಬಳಿ ನಿಂತೇ ಹೋದರು.

ಪಾರ್ಸೆಲ್ ಕಚೇರಿಯವನು ಮುಟ್ಟಲೇ ಇಲ್ಲ. "ತಿನ್ನೋ ಸಾಮಾನು ಪರದೇಶಕ್ಕೆ ಹೋಗಲ್ಲ ರೀ."

"ತಿನ್ನಾಕಲ್ಲ ಸ್ವಾಮಿ, ಹೊದಿಯಾಕೆ!"

"ಇರುವೆ ಹಂಗನ್ನಲ್ವಲ್ಲ?"

ಸೋತು ಊರಿಗೆ ಮರಳಿದರೆ, ಕಲ್ಲೇಶ್ ಬಸ್‌ಸ್ಟ್ಯಾಂಡಿಗೇ ಬಂದಿದ್ದ. "ರೂಪಕ್ಕನ ಮಾತು ಬಂದೈತೆ. ನಾವು ಫೋಟೋ ಕಳಿಸಾಕ್ ಮುಂಚೆನೇ ಮಾತಾಡಿದ್ದು, ಕಡಲಾಗೆ ಸಿಗ್ನಲ್ ಸಿಗಲ್ವಲ್ಲ, ಈಗ ಬಂದು ಮುಟ್ಟೈತೆ."

"ಅಪ್ಪಾ, ಬಿಸಿಲ ಸೀಮೆಗೆ ಬಂದ್ವಿ. ಸ್ವೆಟರೆಲ್ಲ ಕಟ್ಟಿ ದೋಣಿ ತಳಕ್ಕೆ ಹಾಕಿದೀವಿ. ಒಳಗೆ ಹಬೆ, ಮೇಲೇ ಮಲಗ್ತೀವಿ. ಮಧ್ಯಾಹ್ನ ಒಲೆ ಹಚ್ಚಲ್ಲ. ಸಮುದ್ರದ ನೀರಾಗೆ ಸ್ನಾನ, ಕೊನೆಗೆ ಒಂದೇ ಚೊಂಬು ಸಿಹಿನೀರು. ಬೆಳಿಗ್ಗೆ ಎದ್ರೆ ಹಾರೋ ಮೀನು ದಿಂಬಿನ ಪಕ್ಕ ಬಿದ್ದಿರ್ತಾವೆ. ಲಿಂಗಪೂಜೆ ಮಾಡೋ ಕೈಯಾಗೆ ಅವನ್ನ ನೀರಿಗೆ ಬಿಡಾದೇ ನನ್ನ ಕೆಲಸ! ನೆರಳಿಗೆ ಬಟ್ಟೆ ಕಟ್ಟಬೇಕು. ಅಮ್ಮನ ಒಂದು ಸೀರೆ ಕಳಿಸಪ್ಪ, ಅದರ ಕೆಳಗೆ ಕೂರಬೇಕು ಅನ್ಸೈತೆ."

"ಅಂಗಡಿಯಾಗೆ ಒಂದು ಹೊಸ ಸೀರೆ ತಗೊಳ್ರಿ" ಎಂದ ಕಲ್ಲೇಶ್.

"ಅವಳು ಕೇಳಿದ್ದು ಬಟ್ಟೆ ಅಲ್ಲ ಕಣಪ್ಪ."

ಗಿಡ್ಡಮ್ಮ ಬ್ಲೇಡು ಹಿಡಿದು ಕೂತಳು. "ಹೊಲಿಯಾಕೆ ಇಪ್ಪತ್ತು ದಿನ, ಬಿಚ್ಚಾಕೆ ಒಂದು ಬಾಯಿಮಾತು!" ಬೀದಿಯ ಹೆಂಗಸರೆಲ್ಲ ಕೈ ಹಾಕಿದರು. ಜಗಲಿಯ ಮೇಲೆ ದಾರ ಶಾವಿಗೆಯಂತೆ ರಾಶಿ ಬಿತ್ತು. ಇಡಿಯಾಗಿ ಉಳಿದಿದ್ದ ಒಂದೇ ಒಂದು ಹಸಿರಂಚಿನ ಸೀರೆ ನಡುವಿನ ಪದರದಲ್ಲಿತ್ತು. ಅದು ಕೈಗೆ ಸಿಗಬೇಕಾದರೆ ಉಳಿದ ಆರೂ ಚಿಂದಿಯಾಗಬೇಕಾಯಿತು. ದೀಪ ಹಚ್ಚುವ ಹೊತ್ತಿಗೆ ಅದು ಹೊರಬಂತು, ಮೈತುಂಬ ಸೂಜಿಯ ತೂತು, ಜರಡಿಯಂತೆ.

"ನೆರಳಿನ ಜೊತೆಗೆ ನಕ್ಷತ್ರನೂ ಕಾಣ್ತಾವೆ ಬಿಡ್ರಿ" ಎಂದಳು ಗಿಡ್ಡಮ್ಮ.

ಆಗಲೇ ಕಲ್ಲೇಶನ ಫೋನು ಮತ್ತೆ ಕುಂಯ್ ಎಂದಿತು.

"ಅಪ್ಪಾ, ಫೋಟೋ ಈಗ ಬಂತು! ಸೀರೆ ಬ್ಯಾಡ, ಹಳೇ ಹಾಯಿನೇ ನೆರಳಿಗೆ ಕಟ್ಕೊಂಡ್ವಿ. ಆ ಕೌದಿ ಕಳಿಸಬ್ಯಾಡ, ಒಂದು ಹೊಲಿಗೆನೂ ಮುಟ್ಟಬ್ಯಾಡ. ಯುಗಾದಿ ಹೊತ್ತಿಗೆ ದೋಣಿ ಕೊಚ್ಚಿ ಬಂದರಿಗೆ ಬರ್ತೈತೆ. ಮನೆಗೆ ಬಂದು ಅದನ್ನ ಹೊದ್ದು ಮಲಗ್ಬೇಕು. ಅದಕ್ಕೇ ಬರ್ತಿದೀನಿ ಅನ್ಕೋ."

ಹೆಂಗಸರು ಒಬ್ಬೊಬ್ಬರಾಗಿ ಒಲೆಯ ನೆನಪಾಗಿ ಎದ್ದರು.

ಮಹೇಶ್ವರಪ್ಪನವರು ಸೀರೆಯನ್ನು ಮುಖಕ್ಕೆ ಹಿಡಿದರು. ಬರೀ ಬೆಲ್ಲದ ವಾಸನೆ. ಹೋಳಿಗೆ ಮಾಡಿದ ದಿನ ಪ್ರೇಮಮ್ಮನ ಸೆರಗಿಗೂ ಇದೇ ವಾಸನೆ ಇರುತ್ತಿತ್ತು.

"ಗಿಡ್ಡಮ್ಮ, ಯುಗಾದಿಗೆ ಎಷ್ಟು ದಿನ ಐತೆ?"

"ಎಷ್ಟಾರ ಇರ್ಲಿ ಯಜಮಾನ್ರೇ, ಈ ಸಲ ನೀವೇ ಹೊಲೀರಿ" ಎಂದು ಅವಳು ಸೂಜಿ ಅವರ ಕೈಗಿಟ್ಟು ಎದ್ದು ಹೋದಳು.

ಅವರು ಕನ್ನಡಕ ಒರೆಸಿ, ಶಿವಾ ಎಂದು ದಾರ ಪೋಣಿಸಲು ಹೊರಟರು. ಮೂರು ಸಲವೂ ದಾರ ಸೂಜಿಯ ಪಕ್ಕದ ಗಾಳಿಗೇ ಹೊಕ್ಕಿತು.