ಓದದೆ ಬಿಟ್ಟ ಇಳಿಜಾರಿನ ಪುಟ

ದಪ್ಪ ಪುಸ್ತಕ ಓದುವಾಗ ನಡುನಡುವೆ ಪುಟ ಹಾರಿಸುವ ಚಟ ನನಗೆ ಮೊದಲಿನಿಂದಲೂ ಇದೆ. ಕಾದಂಬರಿಯಾದರೆ ಇದರಿಂದ ಯಾರ ಜೀವಕ್ಕೂ ಅಪಾಯವಿಲ್ಲ. ಲಾರಿಯ ವಿಷಯ ಬೇರೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಭದ್ರಾವತಿಯಲ್ಲಿ ಒಬ್ಬ ಕಂಟ್ರಾಕ್ಟರರ ಬಳಿ ಗುಮಾಸ್ತನಾಗಿದ್ದೆ. ಸಾಹುಕಾರರು ಎಲ್ಲಿಯೋ ಹರಾಜಿನಲ್ಲಿ ಒಂದು ವಿದೇಶಿ ಲಾರಿ ಹಿಡಿದು ತಂದರು. ಅದಕ್ಕೆ ಕ್ಲಚ್ಚೇ ಇರಲಿಲ್ಲ. ಗೇರು ತಾನಾಗಿಯೇ ಬದಲಾಗುತ್ತಿತ್ತು. ಜೊತೆಗೆ ಬಂದ ಇಂಗ್ಲಿಷ್ ಪುಸ್ತಕವನ್ನು ಡ್ರೈವರ್ ರಂಗಪ್ಪನವರಿಗೆ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ವಾರದೊಳಗೆ ಗಾಡಿ ಕೈಗೆ ಹತ್ತದಿದ್ದರೆ ಬೇರೆ ಡ್ರೈವರನ್ನು ನೋಡುವುದಾಗಿ ಸಾಹುಕಾರರು ಅವರೆದುರೇ ಹೇಳಿದ್ದರು. ಇಪ್ಪತ್ತು ವರ್ಷ ಲಾರಿ ಓಡಿಸಿದ್ದ ರಂಗಪ್ಪ ಹೆಗಲ ಮೇಲಿನ ಟವೆಲ್ ಕೊಡವಿಕೊಂಡರು.

ಪಾಠವೆಲ್ಲ ಅವರ ತಲೆಗೆ ಬೇಗ ಹತ್ತಿತು, ಎಡಗಾಲಿಗೆ ಹತ್ತಲಿಲ್ಲ. ಬಜಾರಿನಲ್ಲಿ ಗಾಡಿ ನಿಧಾನ ಮಾಡುವಾಗಲೆಲ್ಲ ಆ ಕಾಲು ಕ್ಲಚ್ ಹುಡುಕಿಕೊಂಡು ಹೋಗಿ ಅಗಲವಾದ ಬ್ರೇಕನ್ನೇ ತುಳಿಯುತ್ತಿತ್ತು. ನಾನು ಪುಸ್ತಕ ಸಮೇತ ಮುಂದಿನ ಗಾಜಿಗೆ ಹಣೆ ಕೊಡುತ್ತಿದ್ದೆ. ಮೂರನೆಯ ಸಲ ಹೀಗಾದಾಗ ಅವರು ಗಾಡಿ ನಿಲ್ಲಿಸಿ, ಟವೆಲಿನಿಂದ ಎಡಗಾಲನ್ನು ಸೀಟಿನ ಕಂಬಿಗೆ ಕಟ್ಟಿಕೊಂಡರು. ನಾನು ನಕ್ಕೆ. ನಗಬಾರದಿತ್ತು.

ಐದನೆಯ ದಿನ ಶಿವಮೊಗ್ಗದ ರಾಗಿಗುಡ್ಡದಿಂದ ಮಣ್ಣು ತರಬೇಕಾಗಿ ಬಂತು. ಗೇರಿನ ಲಿವರ್ 'ಡಿ'ಯಲ್ಲಿ, ಅಂದರೆ ಗೇರನ್ನು ಗಾಡಿಯೇ ಆರಿಸಿಕೊಳ್ಳುವ ಜಾಗದಲ್ಲಿತ್ತು. ಏರು ಬಂದ ಕೂಡಲೇ ಲಾರಿ ತಾನೇ ಕೆಳಗಿನ ಗೇರಿಗೆ ಇಳಿದು, ಸದ್ದು ಬದಲಿಸಿ ಹತ್ತತೊಡಗಿತು. ಏರು ಬಂದದ್ದು ಇದಕ್ಕೆ ಹೇಗೆ ತಿಳಿಯಿತೆಂದು ನಾನು ಕುತೂಹಲದಿಂದ ಕೇಳಿದೆ. "ಪುಸ್ತಕ ಓದಿದೋರು ನೀವು, ನನ್ನ ಕೇಳ್ತೀರಲ್ಲ ಮಾರಾಯ್ರೆ" ಎಂದರು ರಂಗಪ್ಪ.

ಮಣ್ಣು ತುಂಬಿಕೊಂಡು ಇಳಿಯುವಾಗಲೂ ಲಿವರ್ 'ಡಿ'ಯಲ್ಲೇ ಇತ್ತು. ವೇಗ ಏರಿತು. ಅವರು ಬ್ರೇಕ್ ಒತ್ತಿದರು, ಮತ್ತೆ ಏರಿತು. ಸುಟ್ಟ ವಾಸನೆ ಬಂತು.

"ಸ್ವಾಮಿ, ಇಳಿಜಾರಿಗೆ ಏನ್ ಬರ್ದಿದಾರೆ?"

ನಾನು ಪುಟ ತಿರುವಿದೆ. ಬರೆದಿದ್ದರು. ಭದ್ರಾವತಿಯಲ್ಲಿ ಗುಡ್ಡವೆಲ್ಲಿ ಬಂತೆಂದು ನಾನು ಹಾರಿಸಿದ್ದ ಪುಟ ಅದೇ. ಸಾಲಿನ ಮೇಲೆ ಬೆರಳಿಟ್ಟು ಓದತೊಡಗಿದೆ. ಅಷ್ಟರಲ್ಲಿ ರಂಗಪ್ಪ ಇನ್ನೊಮ್ಮೆ ಬ್ರೇಕನ್ನು ಬಲವಾಗಿ ಒತ್ತಿ, ಲಿವರನ್ನು ಎರಡನೆಯ ಗೇರಿಗೆ ಎಳೆದರು. ಎಂಜಿನ್ ಅರಚಿತು. ವೇಗ ತಗ್ಗಿದ ಮೇಲೆ ಒಂದಕ್ಕೆ ಎಳೆದರು. ಯಾರೋ ಹಿಂದಿನಿಂದ ಜಗ್ಗಿ ಹಿಡಿದಂತೆ ಲಾರಿ ಮೆಲ್ಲಗೆ ಇಳಿದು ಕೆಳಗೆ ಬಂದು ನಿಂತಿತು.

ಆಮೇಲೆ ಆ ಪುಟವನ್ನು ಗಟ್ಟಿಯಾಗಿ ಓದಿದೆ. ಇಳಿಯುವ ಮೊದಲೇ ಲಿವರನ್ನು ಸಣ್ಣ ಸಂಖ್ಯೆಯ ಗೇರಿಗೆ ಹಾಕಬೇಕೆಂದಿತ್ತು. ರಂಗಪ್ಪ ಕಾಲಿನ ಟವೆಲ್ ಬಿಚ್ಚುತ್ತ ಹೇಳಿದರು: "ಹತ್ತೋದು ಅದಕ್ಕೇ ಗೊತ್ತಾಗುತ್ತೆ. ಇಳಿಯೋದನ್ನ ನಾವೇ ಹೇಳ್ಬೇಕು."

ಬ್ರೇಕಿನ ವಾಸನೆ ಹಿಡಿದ ಸಾಹುಕಾರರು ಸಂಜೆ ವಿಚಾರಿಸಿದಾಗ, ಪುಟ ಹಾರಿಸಿದವನು ನಾನೆಂದು ಒಪ್ಪಿಕೊಂಡೆ. ನನಗೆ ಬೈಗುಳ ಸಿಕ್ಕಿತು, ರಂಗಪ್ಪನವರಿಗೆ ಲಾರಿ ಉಳಿಯಿತು.

ಕೆಲವು ವರ್ಷಗಳ ನಂತರ ನಾನು ಗೇರಿಲ್ಲದ ಸ್ಕೂಟರ್ ಕೊಂಡು, ಅದರ ಪುಸ್ತಕವನ್ನು ಒಂದು ಪುಟವೂ ಬಿಡದೆ ಓದಿ, ರಂಗಪ್ಪನವರನ್ನು ಹಿಂದೆ ಕೂರಿಸಿಕೊಂಡು ಹೊರಟೆ. ಹಂಪ್ ಬಂತು. ನನ್ನ ಎಡಗೈ ಹಳೆಯ ಸ್ಕೂಟರಿನ ಕ್ಲಚ್ ಎಂದುಕೊಂಡು ಬ್ರೇಕನ್ನೇ ಗಟ್ಟಿಯಾಗಿ ಹಿಡಿಯಿತು. ಅವರ ಹಣೆ ನನ್ನ ಬೆನ್ನಿಗೆ ಬಡಿಯಿತು. ಆಮೇಲೆ ಹಿಂದಿನಿಂದ ಅವರ ಟವೆಲ್ ಮೆಲ್ಲಗೆ ನನ್ನ ಎಡ ಹೆಗಲ ಮೇಲೆ ಬಂತು.