ಇಪ್ಪತ್ತಮೂರು ಜೋಡಿ ಕೆಂಪು ಸಾಲು

ಪರ್ಪೆಚುವಾಳಿಗೆ ಆ ದಿನ ಒದಗಿದ ಕಷ್ಟದ ಗಾತ್ರ ಒಂದು ಅಕ್ಕಿಕಾಳಿನಷ್ಟು. ಕಂಪ್ಯೂಟರ್ ಪರದೆಯ ಮೇಲೆ ಶಾಲೆಯ ಆರುನೂರು ಚಿಲ್ಲರೆ ಮಕ್ಕಳ ಪಟ್ಟಿ, ಮಗುವಿಗೊಂದು ಸಾಲು, ಸಾಲಿನ ಕೊನೆಗೊಂದು ಪುಟಾಣಿ ಪೆನ್ಸಿಲಿನ ಚಿತ್ರ. ಅದನ್ನು ಒತ್ತಿದರೆ ಆ ಮಗುವಿನ ಹೆಸರು, ಹುಟ್ಟಿದ ದಿನ, ತಾಯಿಯ ಹೆಸರು ಎಲ್ಲವೂ ತಿದ್ದಿಸಿಕೊಳ್ಳಲು ಬಾಯಿ ತೆರೆದು ಕೂರುತ್ತಿದ್ದವು. ದೇವರಿಗೂ ಇಷ್ಟು ಸಲೀಸಾದ ಏರ್ಪಾಡು ಇದ್ದಂತಿಲ್ಲ.

ಬೆಳಿಗ್ಗೆ ಹೆಡ್ ಮೇಡಂ ಲಿಯೊಕೇಡಿಯಾ ಅವಳ ಹೆಗಲ ಮೇಲಿಂದ ಪರದೆಯನ್ನು ಇಣುಕಿದರು.

"ಇದೇನಮ್ಮ ಇದು, ಪಟ್ಟಿಗೆ ದಡಾರ ಎದ್ದಂಗಿದೆ?"

"ಅವು ಅವಳಿ ಮಕ್ಕಳು ಮೇಡಂ. ಒಂದೇ ತಾಯಿ, ಒಂದೇ ಹುಟ್ಟಿದ ದಿನ ಇದ್ರೆ ಸಾಲು ತಾನೇ ಕೆಂಪಾಗುತ್ತೆ. ಇಪ್ಪತ್ತಮೂರು ಜೋಡಿ ಇದಾವೆ."

"ನಾನು ಮೂವತ್ತು ವರ್ಷದಿಂದ ಕೆಂಪು ಶಾಯಿ ಪೆನ್ನು ಹಿಡಿದೋಳು. ಕೆಂಪು ಅಂದ್ರೆ ತಪ್ಪು. ಸಂಜೆ ನಾಲ್ಕಕ್ಕೆ ಇನ್ಸ್‌ಪೆಕ್ಟರ್ ಬರ್ತಾರೆ. ಗುಮಾಸ್ತರ ಖಾಯಂ ಹುದ್ದೆ ಯಾವ ಶಾಲೆಗೆ ಅಂತ ಈ ಪಟ್ಟಿ ನೋಡಿ ಇವತ್ತೇ ಬರೆದು ಹೋಗ್ತಾರಂತೆ. ಒಂದು ಕೆಂಪೂ ಉಳೀಬಾರದು."

ಪರ್ಪೆಚುವಾ ಆ ಶಾಲೆಯಲ್ಲಿ ಒಂಬತ್ತು ವರ್ಷದಿಂದ ಹಂಗಾಮಿ ಗುಮಾಸ್ತೆ. ನಲವತ್ತೊಂದು ತುಂಬಿದ ಹೆಂಗಸು ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ, ಕಾಫಿ ಬೀಜದ ಮೂಟೆಗಳ ನಡುವೆ ಮಲಗುತ್ತಿದ್ದಳು. ಮಾರುಕಟ್ಟೆಯ ಹಿಂದೆ ಒಂದು ಒಂಟಿ ಕೋಣೆ ನೋಡಿಟ್ಟಿದ್ದಳು. ಖಾಯಂ ಕಾಗದ ತೋರಿಸಿದರೆ ಮಾತ್ರ ಬೀಗದ ಕೈ ಎಂದಿದ್ದ ಮನೆಯೊಡೆಯ. ಆ ಕೋಣೆಯ ಕಿಟಕಿಗೆ ಯಾವ ಬಣ್ಣದ ಪರದೆ ಎನ್ನುವುದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಸಾಲಿನ ಪಕ್ಕದಲ್ಲಿ ಕಸದ ಬುಟ್ಟಿಯ ಚಿತ್ರವೂ ಇತ್ತು. ಒತ್ತಿದರೆ ಮಗುವೇ ಮಾಯ. ಅವಳಿಗೆ ಅಷ್ಟು ಎದೆಗಾರಿಕೆ ಇರಲಿಲ್ಲ. ಪೆನ್ಸಿಲು ಒತ್ತಿ ಪ್ರತಿ ಜೋಡಿಯಲ್ಲೂ ಕಿರಿಯವರ ಹುಟ್ಟಿದ ದಿನವನ್ನು ಒಂದೇ ಒಂದು ದಿನ ಮುಂದೆ ಸರಿಸಿದಳು. ಒಂದು ಕೂಸು ನಡುರಾತ್ರಿಗೆ ಮೊದಲು, ಇನ್ನೊಂದು ನಡುರಾತ್ರಿಯ ಮೇಲೆ, ಲೋಕದಲ್ಲಿ ಆಗದ್ದೇನಲ್ಲ. ಉಳಿಸು ಎಂದು ಒತ್ತಿದೊಡನೆ ಕೆಂಪು ಹೋಗಿ ಕಪ್ಪು. ಹನ್ನೊಂದು ಗಂಟೆಗೆ ಪಟ್ಟಿ ಪಾದ್ರಿಯ ನಿಲುವಂಗಿಯಂತೆ ಕಪ್ಪಗೆ ಹೊಳೆಯಿತು.

ತಿದ್ದಿದ್ದೆಲ್ಲವೂ ತಕ್ಷಣ ತಂದೆ ತಾಯಿಯ ಫೋನಿಗೆ ಸುದ್ದಿಯಾಗಿ ಹೋಗುತ್ತದೆ ಎಂಬುದು ಅವಳಿಗೆ ತಿಳಿದದ್ದು ಹನ್ನೊಂದೂವರೆಗೆ, ಹನ್ನೊಂದು ಮಂದಿ ತಾಯಂದಿರು ಒಟ್ಟಿಗೆ ಬಾಗಿಲಲ್ಲಿ ನಿಂತಾಗ.

ಅವಳಿ ಹೆತ್ತವಳನ್ನು ಆ ಸೀಮೆಯಲ್ಲಿ ಬರಿ ಹೆಸರು ಹಿಡಿದು ಕರೆಯುವವರಿಲ್ಲ. ಅವಳು ನಾಲೊಂಗೊ, ಅವಳ ಗಂಡ ಸಾಲೊಂಗೊ. ಮಿಕ್ಕ ಹೆಂಗಸರು ಬರಿ ನ್ಯಾಬೊ, ಗಂಡಸರು ಬರಿ ಸೆಬೊ, ಅಮ್ಮಾವ್ರು, ಅಯ್ಯನವರು ಎಂದ ಹಾಗೆ. ಮದುವೆಮನೆಯಲ್ಲಿ ಮೊದಲ ಚಾಪೆ ಅವಳಿ ಹೆತ್ತವರಿಗೇ. ಅವಳಿ ಗಂಡುಮಕ್ಕಳಲ್ಲಿ ಮೊದಲು ಹುಟ್ಟಿದವನು ವಾಸ್ವಾ, ಹಿಂದೆ ಹುಟ್ಟಿದವನು ಕಾಟೊ. ಈ ಹನ್ನೊಂದು ನಾಲೊಂಗೊಗಳ ಮುಂದಾಳು ಮೀನು ಮಾರುವ ತೆಯೋಪಿಸ್ತ.

"ನನ್ನ ಕಾಟೊ ಅದೇನು ಮಾಡಿದ್ನೇ ನಿಂಗೆ? ಒಬ್ಬನಿಗೆ ಒಂದು ಹಣ್ಣು ಕೊಟ್ರೆ ಇನ್ನೊಬ್ಬನಿಗೂ ಕೊಡ್ಬೇಕು, ಇಲ್ದಿದ್ರೆ ಅವಳಿಗಳು ಮುನಿದು ನಮ್ಮ ಮೈ ಸುಡ್ತಾರೆ ಅಂತ ನಿಮ್ಮವ್ವ ಹೇಳ್ಕೊಟ್ಟಿಲ್ವಾ? ನೀನು ಒಬ್ಬನಿಗೆ ಹುಟ್ಟಿದ ದಿನಾನೇ ಬೇರೆ ಕೊಟ್ಟೆಯಲ್ಲ!"

"ಒಂದೇ ದಿನ ನಾಲೊಂಗೊ, ಒಂದೇ ದಿನ ಮುಂದೆ..."

"ಒಂದು ದಿನವಾ?" ಎನ್ನುತ್ತ, ಹೆಂಗಸರ ಹಿಂದೆ ನಿಂತಿದ್ದ ತೆಯೋಪಿಸ್ತಳ ಗಂಡ ಮುಂದೆ ಬಂದ. ತಗ್ಗಿದ ದನಿಯ, ಭಾರೀ ಮೈಯ ಲಾರಿ ಡ್ರೈವರು. ಫೋನನ್ನು ಪರ್ಪೆಚುವಾಳ ಮೂಗಿನ ಮುಂದೆ ಹಿಡಿದ. ಕಾಟೊನ ದಿನ ಸರಿಸುವಾಗ ಮೌಸಿನ ಚಕ್ರ ಉರುಳಿ ವರ್ಷವೂ ಎರಡು ಮುಂದಕ್ಕೆ ಹೋಗಿತ್ತು. "ಇಲ್ಲಿ ಬರೆದಿರೋ ವರ್ಷ ಪೂರ್ತಿ ನಾನು ಲಾರಿ ತಗೊಂಡು ಗಡಿಯಾಚೆ ಜೂಬಾದಲ್ಲಿದ್ದೆ ನ್ಯಾಬೊ. ಹದಿನಾಲ್ಕು ತಿಂಗಳು ಊರಿನ ಮುಖ ನೋಡಿಲ್ಲ. ವಾಸ್ವಾ ನನ್ನ ಮಗ, ಒಪ್ಪಿದೆ. ಈ ಕಾಟೊ ಯಾರ ಮಗ?"

"ಕೇಳು, ಇವನಿಗೆ ಹೇಳು!" ಎಂದು ತೆಯೋಪಿಸ್ತ ಸೊಂಟಕ್ಕೆ ಕೈಯಿಟ್ಟಳು. "ಒಬ್ಬನನ್ನ ಹೆತ್ತು, ಇನ್ನೊಬ್ಬನನ್ನ ಎರಡು ವರ್ಷ ಒಳಗೇ ಇಟ್ಕೊಂಡಿದ್ದೆ ಅಂತ ಹೇಳು!"

"ಸಾಲೊಂಗೊ, ಅದು ಚಕ್ರದ ತಪ್ಪು."

"ಯಾವ ಚಕ್ರ? ಅವನೂ ಲಾರಿಯವನಾ?"

ಪರ್ಪೆಚುವಾ ಕೂತಲ್ಲೇ ಇಪ್ಪತ್ತಮೂರು ಮಕ್ಕಳ ಮರುಜನ್ಮಕ್ಕೆ ಕೈಹಾಕಿದಳು. ಹನ್ನೊಂದು ಜನ ಹಿಂದೆ ನಿಂತು ಒಂದೊಂದು ಅಂಕಿಯನ್ನೂ ಕಾವಲು ಕಾದರು. ಎರಡು ಗಂಟೆಗೆ ಕಾಟೊ ಮತ್ತೆ ಅಪ್ಪನ ಮಗನಾದ. ಸಾಲೊಂಗೊ ತನ್ನ ಟೋಪಿ ಹುಡುಕಿಕೊಂಡು ಹೊರಟುಹೋದ. ಪಟ್ಟಿ ಮೊದಲಿನಂತೆ ಕೆಂಪು.

ಹೆಡ್ ಮೇಡಂ ಬಂದು ನೋಡಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. "ಇನ್ನು ಎರಡೇ ಗಂಟೆ ಟೈಮಿದೆ ಪರ್ಪೆಚುವಾ. ನೀನು ಇನ್ನೂ ಒಂಬತ್ತು ವರ್ಷ ಹಂಗಾಮಿ ಆಗಿರ್ಬೇಕು ಅಂತಿದ್ರೆ ನನ್ನದೇನಿಲ್ಲ."

ಅವಳು ತಲೆಯ ಮೇಲೆ ಕೈಹೊತ್ತು ಕೂತಳು. ದಿನ ಮುಟ್ಟುವಂತಿಲ್ಲ, ಉಳಿದದ್ದು ತಾಯಿಯ ಹೆಸರು. ಅಳುಕುತ್ತಲೇ ಕಾಟೊನ ಸಾಲಿನಲ್ಲಿ ತೆಯೋಪಿಸ್ತ ಎಂದಿದ್ದನ್ನು ನಾಲೊಂಗೊ ತೆಯೋಪಿಸ್ತ ಎಂದು ತಿದ್ದಿದಳು. ಕಂಪ್ಯೂಟರು ಇವಳು ಬೇರೆ ಹೆಂಗಸು ಎಂದುಕೊಂಡು ಸಾಲನ್ನು ಕಪ್ಪು ಮಾಡಿತು.

ಹಿಂದೆ ನಿಂತಿದ್ದ ತಾಯಂದಿರು ಪರದೆಯ ಹತ್ತಿರಕ್ಕೆ ಬಗ್ಗಿದರು.

"ಸರ್ಕಾರದ ಪಟ್ಟಿಯಲ್ಲಿ ನಮ್ಮ ಬಿರುದು ಬರೀಬಹುದಾ?" ಎಂದಳು ತೆಯೋಪಿಸ್ತ. ಮರುಕ್ಷಣವೇ ಕಣ್ಣು ಕಿರಿದಾದವು. "ಕಾಟೊನ ಅಮ್ಮ ನಾಲೊಂಗೊ, ವಾಸ್ವಾನ ಅಮ್ಮ ಬರೀ ತೆಯೋಪಿಸ್ತನಾ? ಇಬ್ಬರಿಗೂ ಬರಿ."

"ಇಬ್ಬರಿಗೂ ಬರೆದ್ರೆ ಮತ್ತೆ ಕೆಂಪಾಗುತ್ತೆ ಮಾರಾಯ್ತಿ!"

"ಹಂಗಾದ್ರೆ ಒಬ್ಬನಿಗೆ ಮುಂದೆ ಹಾಕು, ಒಬ್ಬನಿಗೆ ಹಿಂದೆ ಹಾಕು. ನಾನು ಹೆತ್ತಾಗಲೂ ಒಬ್ಬ ಮುಂದೆ ಬಂದ, ಒಬ್ಬ ಹಿಂದೆ ಬಂದ."

ವಾಸ್ವಾನ ತಾಯಿ ನಾಲೊಂಗೊ ತೆಯೋಪಿಸ್ತ. ಕಾಟೊನ ತಾಯಿ ತೆಯೋಪಿಸ್ತ ನಾಲೊಂಗೊ. ಸಾಲು ಕಪ್ಪಗೇ ಉಳಿಯಿತು. ಹೀಗೆ ಇಪ್ಪತ್ತಮೂರು ಜೋಡಿ. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಕೊನೆಯ ಸಾಲು ಕಪ್ಪಾಯಿತು. ತಾಯಂದಿರು ಅಂಗಳಕ್ಕೆ ಹೋಗಿ ಹಲಸಿನ ಮರದಡಿ ಕೂತರು. ತಮ್ಮ ಬಿರುದನ್ನು ಇನ್ಸ್‌ಪೆಕ್ಟರು ಕಣ್ಣಾರೆ ನೋಡುವವರೆಗೆ ಕದಲುವುದಿಲ್ಲ ಎಂದರು.

ಇನ್ಸ್‌ಪೆಕ್ಟರ್ ಅನಟೋಲಿ ಬೈಕಿನ ಧೂಳು ಕೊಡವಿಕೊಂಡು ಬಂದು ಪರದೆಯ ಮುಂದೆ ಕೂತರು. ಮೇಲಿಂದ ಕೆಳಗೆ ನೋಡಿದರು. ಕೆಳಗಿಂದ ಮೇಲೆ ನೋಡಿದರು. ಕನ್ನಡಕ ಒರೆಸಿಕೊಂಡರು.

"ಕೆಂಪು ಸಾಲುಗಳು ಎಲ್ಲಿ ನ್ಯಾಬೊ?"

"ಒಂದೂ ಇಲ್ಲ ಸೆಬೊ," ಎಂದಳು ಪರ್ಪೆಚುವಾ, ಒಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಬೆನ್ನು ನೆಟ್ಟಗೆ ಮಾಡಿ.

"ಬೆಳಿಗ್ಗೆ ಜಿಲ್ಲಾ ಕಚೇರಿಯಲ್ಲಿ ಇದೇ ಪಟ್ಟಿ ನೋಡಿದಾಗ ಇಪ್ಪತ್ತಮೂರು ಜೋಡಿ ಇತ್ತು. ಅವಳಿಗಳು ಕಣ್ತಪ್ಪಿ ಹೋಗಬಾರದು ಅಂತಲೇ ಆ ಬಣ್ಣ ಹಾಕಿಸಿರೋದು. ತಿಂಗಳು ತಿಂಗಳು ಅವರ ಎತ್ತರ, ತೂಕ ಬರ್ಕೊಳ್ಳೋಕೆ ಒಬ್ಬ ಖಾಯಂ ಗುಮಾಸ್ತರು. ಜಿಲ್ಲೆಯಲ್ಲಿ ಯಾವ ಶಾಲೆಗೆ ಹೆಚ್ಚು ಅವಳಿಗಳೋ ಆ ಶಾಲೆಗೆ. ನಿಮ್ಮದೇ ಮೊದಲು ಅಂತ ಕಾಗದ ಟೈಪು ಮಾಡಿಸಿ ತಂದಿದ್ದೆ."

"ಐದು ನಿಮಿಷ ಕೊಡಿ ಸೆಬೊ! ಇಪ್ಪತ್ತಮೂರು ಜೋಡೀನೂ ವಾಪಸ್ ತರ್ತೀನಿ!"

ಅನಟೋಲಿ ಜೇಬಿನಿಂದ ಪೆನ್ನು ತೆಗೆದರು. "ನ್ಯಾಬೊ, ಒಂದು ಜೋಡಿ ಹೆರೋಕೆ ಒಬ್ಬಳಿಗೆ ಒಂಬತ್ತು ತಿಂಗಳು ಬೇಕು. ನೀವು ಐದು ನಿಮಿಷದಲ್ಲಿ ಇಪ್ಪತ್ತಮೂರು ಅಂತೀರಿ. ಇದಕ್ಕೆ ಸಹಿ ಹಾಕಿದ್ರೆ ನನ್ನ ಕೆಲಸ ಉಳಿಯಲ್ಲ." ಕಾಗದದಲ್ಲಿ ಆ ಶಾಲೆಯ ಹೆಸರು ಹೊಡೆದುಹಾಕಿ, ಬೆಟ್ಟದಾಚೆಯ, ಐದು ಜೋಡಿಯ ಶಾಲೆಯ ಹೆಸರು ಬರೆದರು.

"ಮುಟ್ಟೋದೇ ಬೇಡ ಅಂತ ನಂಗೆ ಆಗ್ಲೇ ಅನ್ನಿಸಿತ್ತು," ಎಂದರು ಹೆಡ್ ಮೇಡಂ.

ಕಿಟಕಿಯಿಂದ ಇನ್ಸ್‌ಪೆಕ್ಟರು ಪರದೆ ನೋಡಿದ್ದನ್ನು ಕಂಡ ಹನ್ನೊಂದು ನಾಲೊಂಗೊಗಳು ಹಲಸಿನ ಮರದಡಿ ಎದ್ದು ನಿಂತು, ನಾಲಿಗೆ ಹೊರಳಿಸಿ ಜಯಕಾರದ ಕೇಕೆ ಹಾಕಿದರು. ಗೋಡೆಯ ಹಲ್ಲಿ ಬಿದ್ದು ಓಡಿತು.

"ಏನು ನ್ಯಾಬೊ, ಯಾರಿಗೆ ಈ ಸಂಭ್ರಮ?" ಎಂದರು ಅನಟೋಲಿ.

"ನನಗೇ ಸೆಬೊ," ಎಂದಳು ಪರ್ಪೆಚುವಾ.